ಚಪ್ಪಲಿ ಮೆಟ್ಟಿದ ಮೇಲಿನ ಮಾತು

ನಮ್ಮ ಮನೆಗೆ ಬರುತ್ತಿದ್ದ ನೆಂಟರು ಬಂದ ಕಾರಣವನ್ನು ಎಂದೂ ಕೂತಾಗ ಹೇಳಿದವರಲ್ಲ. ನೀರು ಕುಡಿಯುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಊರ ಕಡೆಯ ಮಳೆಯ ಸುದ್ದಿ, ತೊಗರಿಯ ಸುದ್ದಿ, ಯಾರದೋ ಮೊಮ್ಮಗಳ ಕೂದಲು ತೆಗೆಸಿದ ಜವಳದ ಸುದ್ದಿ ಎಲ್ಲ ಮುಗಿಸುತ್ತಿದ್ದರು. ಎಲ್ಲ ಆರಾಮೇನು ಎಂದು ಅವ್ವ ಕೇಳಿದರೆ, ಎಲ್ಲ ಆರಾಮ ಎನ್ನುತ್ತಿದ್ದರು. ಆಮೇಲೆ "ಬರ್ತೀವ್ರಿ ಇನ್ನ" ಎಂದು ಎದ್ದು, ಹೊಸ್ತಿಲು ದಾಟಿ, ಒಂದು ಕಾಲು ಚಪ್ಪಲಿಯೊಳಗೆ ಹೋದ ಮೇಲೆ ನಿಜವಾದ ಮಾತು ಹೊರಬೀಳುತ್ತಿತ್ತು. ಮಗಳ ನಿಶ್ಚಯ ಮುರಿದಿರುತ್ತಿತ್ತು. ತಮ್ಮನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿರುತ್ತಿತ್ತು. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತು ಅವ್ವ ಅದನ್ನು ಕೇಳುತ್ತಿದ್ದಳು. ಕೇಳಿ, ಅವರ ಚಪ್ಪಲಿ ಬಿಡಿಸಿ, ಮತ್ತೆ ಒಳಗೆ ಕರೆದು, ಮತ್ತೆ ಚಹಾಕ್ಕೆ ಇಡುತ್ತಿದ್ದಳು.

ನನಗೆ ಇದು ಸಿಟ್ಟು ತರಿಸುತ್ತಿತ್ತು. ನಾನು ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬೆಳೆದ ಹುಡುಗಿ. ಅಲ್ಲಿಯ ನಿಯಮ ಸರಳ: ಹೇಳಬೇಕಾದ್ದನ್ನು ಮೊದಲ ವಾಕ್ಯದಲ್ಲೇ ಹೇಳು, ಆಮೇಲೆ ಆಧಾರ ಕೊಡು, ಗಂಟೆ ಬಾರಿಸುವ ಮೊದಲು ಕೂತುಕೋ. ನೆಂಟರು ಹೋದ ಮೇಲೆ ನಾನು ಅವ್ವನ ಜತೆ ಜಗಳಕ್ಕೆ ನಿಲ್ಲುತ್ತಿದ್ದೆ. ಬಂದ ಕೂಡಲೇ ಹೇಳಿದ್ದರೆ ಏನು ಹೋಗುತ್ತಿತ್ತು, ಅಷ್ಟು ಹೊತ್ತು ತೊಗರಿಯ ಮಾತು ಯಾಕೆ ಬೇಕಿತ್ತು ಎಂದು ಕೇಳುತ್ತಿದ್ದೆ. ಅವ್ವ ಕಪ್ಪು-ಬಸಿ ತೊಳೆಯುತ್ತ ಹೇಳುತ್ತಿದ್ದಳು:

"ಮಂದಿ ನಿನ್ನ ಸ್ಪರ್ಧಾಕ್ಕ ಬಂದಾರೇನ? ಮನಿಗೆ ಬಂದಾರ."

ಅದು ಉತ್ತರವೇ ಅಲ್ಲ ಎಂದು ನಾನು. ಅದೇ ಉತ್ತರ ಎಂದು ಅವ್ವ.

ಅಪ್ಪ ಬೀದರ್ ಕಡೆಯಿಂದ ತೆಲುಗು ಸೀಮೆಯ ರಾಜಧಾನಿಗೆ ಬಂದು, ಅಲ್ಲಿಯ ಕೋಠಿ ಪೇಟೆಯಲ್ಲಿ ಬಟ್ಟೆಯ ವ್ಯಾಪಾರಕ್ಕೆ ಕೂತವರು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತೆಲುಗು, ಅಂಗಡಿಯಲ್ಲಿ ಹಿಂದಿ. ಹಾಗಾಗಿ ನಾನು ಮೂರು ಭಾಷೆಗಳಲ್ಲಿ ವಾದ ಮಾಡಬಲ್ಲವಳಾದೆ. ಅದು ಊರಿಗೆಲ್ಲ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ. ಅಮೀರ್‌ಪೇಟ್‌ನ ಗೋಡೆಗಳ ಮೇಲೆ ಸುಣ್ಣ ಕಾಣುತ್ತಿರಲಿಲ್ಲ, ಬರೀ ಕೋರ್ಸುಗಳ ಜಾಹೀರಾತು. ನನ್ನ ಚಿಕ್ಕಪ್ಪನ ಮಕ್ಕಳಿಬ್ಬರೂ ಅಲ್ಲಿಯ ಹಾಸ್ಟೆಲಿನಲ್ಲಿದ್ದು ಏನೇನೋ ಅಕ್ಷರಗಳ ಕೋರ್ಸು ಮಾಡುತ್ತಿದ್ದರು. ನಾನು ನರ್ಸಿಂಗ್ ಸೇರುತ್ತೇನೆ ಎಂದಾಗ ಚಿಕ್ಕಪ್ಪ, ಇಷ್ಟು ಮಾತಾಡುವವಳು ವಕೀಲಳಾಗಬೇಕಿತ್ತು, ಹೋಗಲಿ ಕಂಪ್ಯೂಟರಾದರೂ ಕಲಿಯಬೇಕಿತ್ತು, ಪೇಷಂಟುಗಳ ಜತೆ ವಾದ ಮಾಡಲಿಕ್ಕೆ ಹೊರಟಿದ್ದೀಯಾ ಎಂದು ನಕ್ಕರು. ಒಬ್ಬರು ಕುರ್ಚಿಯಲ್ಲಿ ಕೂತು ಕೂತು ಬೆನ್ನು ಕೆಡಿಸಿಕೊಳ್ಳುತ್ತಾರೆ, ಇನ್ನೊಬ್ಬರು ಆ ಕುರ್ಚಿ ಇಡುವ ಕಟ್ಟಡ ಕಟ್ಟುತ್ತ ಬೀಳುತ್ತಾರೆ, ಇಬ್ಬರೂ ಕೊನೆಗೆ ಬರುವುದು ನಮ್ಮ ಹತ್ತಿರವೇ ಎಂದು ನಾನು ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಎಷ್ಟು ಚರ್ಚೆ ಗೆದ್ದರೂ ಮನೆಗೆ ಬರುವಾಗ ಜಗತ್ತು ಹೋಗುವಾಗ ಇದ್ದ ಹಾಗೇ ಇರುತ್ತಿತ್ತು. ಗೆದ್ದರೆ ಏನಾದರೂ ಬದಲಾಗುವಂಥ ವಾದ ನನಗೆ ಬೇಕಿತ್ತು.

ನನ್ನ ಮೊದಲ ಕೆಲಸ ಒಂದು ಖಾಸಗಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ. ಕಿಟಕಿಯಾಚೆ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಅವನ್ನು ಏಳಿಸುವವರು ಒಬ್ಬೊಬ್ಬರಾಗಿ ನಮ್ಮ ಹಾಸಿಗೆಗಳಿಗೆ ಬರುತ್ತಿದ್ದರು. ಅವರಲ್ಲಿ ಬಹಳ ಜನ ಯಾದಗಿರಿ, ಸುರಪುರ, ಸೇಡಂ ಕಡೆಯವರು. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ತೆಲುಗಿನವರು, ನಿವೃತ್ತಿಯ ಹತ್ತಿರಕ್ಕೆ ಬಂದವರು, ನನ್ನ ಬಾಯಿಯ ಬಗ್ಗೆ ಮೊದಲ ವಾರದಲ್ಲೇ ತಿಳಿದುಕೊಂಡವರು. ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚು ಎನ್ನುತ್ತಿದ್ದರು. ಇವರು ಅದನ್ನು ಕೆಲಸಕ್ಕೆ ಹಚ್ಚಿದರು.

ಒಮ್ಮೆ ವಯಸ್ಸಾದ ಪೇಷಂಟೊಬ್ಬರಿಗೆ ಏದುಸಿರು. ಶ್ವಾಸಕೋಶದ್ದೇ ತೊಂದರೆ, ಬೀಡಿ ಸೇದುವವರು, ಕೆಮ್ಮೂ ಇದೆ ಎಂದು ನಾನು ಚೆನ್ನಾಗಿಯೇ ವಾದಿಸಿದೆ. ಸಿಸ್ಟರ್ ಪೂರ್ತಿ ಕೇಳಿದರು. ಆಮೇಲೆ, ಈಗ ಎದ್ದು ಆ ಕಡೆಗೆ ಹೋಗು, ಹೃದಯದ ಪರವಾಗಿ ನೀನೇ ಮಾತಾಡು ಎಂದರು. ನಾನು ಮಾತಾಡಿದೆ: ಮಲಗಿದರೆ ಹೆಚ್ಚಾಗುತ್ತದೆಯಂತೆ, ಎದ್ದು ಕೂತರೆ ಇಳಿಯುತ್ತದೆಯಂತೆ. ಇಬ್ಬರಲ್ಲಿ ಯಾರು ಗೆದ್ದರು ಎಂದರು. ಗೊತ್ತಿಲ್ಲ ಎಂದೆ. ಹಾಗಾದರೆ ಇಬ್ಬರ ನಡುವೆ ತೀರ್ಪು ಕೊಡುವಂಥದ್ದನ್ನು ಹುಡುಕಿಕೊಂಡು ಬಾ, ಎರಡೂ ಕಡೆಗೆ ಹೊಂದುವ ಸಂಗತಿಯನ್ನು ತಂದು ನನ್ನ ಮುಂದೆ ಸುರಿಯಬೇಡ ಎಂದರು. ಹೋಗಿ ಅವರ ಪಾದದ ಮೇಲೆ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು. ಕತ್ತಿನ ನರ ಉಬ್ಬಿತ್ತು. ಇಸಿಜಿ ತೆಗೆಸಿದರು, ವೈದ್ಯರು ಹೃದಯದ ಚಿಕಿತ್ಸೆಯನ್ನೇ ಶುರುಮಾಡಿದರು. ಆ ದಿನ ನನಗೆ ಸಿಕ್ಕ ಪಾಠಕ್ಕೆ ಯಾವ ಕಾಲೇಜಿನಲ್ಲೂ ಹೆಸರಿರಲಿಲ್ಲ. ಸ್ಪರ್ಧೆಯಲ್ಲಿ ನಿನ್ನ ಪಾಲಿಗೆ ಒಂದೇ ಪಕ್ಷ ಬರುತ್ತದೆ. ಹಾಸಿಗೆಯ ಪಕ್ಕದಲ್ಲಿ ಎಲ್ಲ ಪಕ್ಷವೂ ನಿನ್ನದೇ.

ಇದೆಲ್ಲ ಯಾಕೆ ಹೇಳಿದೆನೆಂದರೆ, ಕಾಕಾ ಬಂದಾಗ ನನ್ನ ಕೈಯಲ್ಲಿದ್ದ ಆಯುಧ ಇಷ್ಟೇ.

ಕಾಕಾ ಎಂದರೆ ನನ್ನ ಸ್ವಂತ ಕಾಕಾ ಅಲ್ಲ. ಸುರಪುರದ ಕಡೆಯವರು, ದೊಡ್ಡದೊಂದು ಕಂಪ್ಯೂಟರ್ ಕಂಪನಿಗೆ ಏಳುತ್ತಿದ್ದ ಕಟ್ಟಡದಲ್ಲಿ ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಿದ್ದವರು. ಸರಳುಗಳ ಕಟ್ಟು ಜಾರಿ ಮೊಣಕಾಲಿನ ಕೆಳಗೆ ಬಿದ್ದು ಎಲುಬು ಮುರಿದಿತ್ತು. ಚರ್ಮ ಹರಿದಿರಲಿಲ್ಲ. ಸಂಜೆ ಡ್ಯೂಟಿ ಡಾಕ್ಟರ್ ಎಲುಬನ್ನು ನೇರ ಮಾಡಿ, ತೊಡೆಯಿಂದ ಪಾದದವರೆಗೆ ಅರ್ಧ ಪ್ಲಾಸ್ಟರ್ ಇಟ್ಟು, ಬ್ಯಾಂಡೇಜ್ ಸುತ್ತಿದ್ದರು. ಮಾರನೆಯ ಬೆಳಿಗ್ಗೆ ನಾನು ಬಂದಾಗ ಕಾಕಾ ಬಾಗಿಲ ಪಕ್ಕದ ಮೊದಲ ಹಾಸಿಗೆಯಲ್ಲಿ ಚಾವಣಿ ನೋಡುತ್ತ ಮಲಗಿದ್ದರು. ಅವರ ಹೆಂಡತಿ, ನಾನು ಕಾಕಿ ಎಂದು ಕರೆದವರು, ಕೆಳಗೆ ಗೋಡೆಗೆ ಒರಗಿ ಕೂತು ಸೆರಗಿನ ಗಂಟಿನಿಂದ ಅಕ್ಕಿಯ ಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹಸಿ ಅಕ್ಕಿ ಯಾಕೆ ತಿನ್ನುತ್ತೀರಿ ಎಂದೆ. ಬಾಯಿಚಟ ಎಂದು ನಕ್ಕು ಗಂಟು ಬಿಗಿ ಮಾಡಿದರು.

ನೋವು ಹೇಗಿದೆ ಎಂದು ಕಾಕಾನನ್ನು ಕೇಳಿದೆ. ಆರಾಮ ಎಂದರು. ಕನ್ನಡ ಕೇಳಿ ಮುಖ ಅರಳಿತು, ಯಾವ ಊರು, ಯಾರ ಪೈಕಿ, ಮನೆಯಲ್ಲಿ ಯಾರ್‍ಯಾರು ಎಂದು ನನ್ನನ್ನೇ ವಿಚಾರಿಸಿದರು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದೆ. ಸೊನ್ನೆಯನ್ನೇ ಬರೆದುಕೋ ಯವ್ವಾ, ಯಾಕೆ ತ್ರಾಸು ಎಂದರು.

ಎಲುಬು ಮುರಿದವರ ಸೊನ್ನೆಯನ್ನು ನಾನು ನಂಬುವವಳಲ್ಲ. ಆದರೆ ಅಪನಂಬಿಕೆಗೂ ಆಧಾರ ಬೇಕು. ಹುಡುಕಿದೆ. ಉಪ್ಪಿಟ್ಟು ಮುಟ್ಟಿರಲಿಲ್ಲ. ಫ್ಯಾನ್ ನೇರ ತಲೆಯ ಮೇಲೆ ತಿರುಗುತ್ತಿದ್ದರೂ ಹಣೆಯಲ್ಲಿ ಬೆವರು. ನಾಡಿ ಓಡುತ್ತಿತ್ತು, ಜ್ವರವಿರಲಿಲ್ಲ. ನನ್ನ ಜತೆ ನಗುತ್ತಲೇ ಮಾತಾಡುತ್ತಿದ್ದರು, ಆದರೆ ಒಂದು ಕೈ ಮಂಚದ ಕಂಬಿಯನ್ನು ಹಿಡಿದದ್ದು ಬಿಟ್ಟಿರಲಿಲ್ಲ. ನೋವಿನ ಇಂಜೆಕ್ಷನ್ ಕೊಟ್ಟು ಬೇರೆ ಹಾಸಿಗೆಗಳನ್ನು ನೋಡಿ ಬಂದೆ. ಕೈ ಕಂಬಿಯ ಮೇಲೆಯೇ ಇತ್ತು. ನಾನು ಬೇರೆ ಬೇರೆ ದಿಕ್ಕಿನಿಂದ ಪ್ರಶ್ನೆ ಹಾಕಿದೆ, ಪಾಟೀಸವಾಲೇ ಮಾಡಿದೆ ಅನ್ನಿ. ಪ್ರತಿಯೊಂದಕ್ಕೂ ಆರಾಮ. ನಾನು ಎದುರಿಸಿದ ಎಷ್ಟೋ ಎದುರಾಳಿಗಳಲ್ಲಿ ಇಷ್ಟು ಗಟ್ಟಿಯಾಗಿ ನಿಂತವರು ಯಾರೂ ಇರಲಿಲ್ಲ.

ಆಗ ಹೊಳೆಯಿತು. ಕಾಕಾ ಕೂತಿದ್ದಾರೆ. ಅಂದರೆ ಮಲಗಿದ್ದಾರೆ, ಆದರೆ ನೆಂಟರ ಲೆಕ್ಕದಲ್ಲಿ ಇನ್ನೂ ಕೂತೇ ಇದ್ದಾರೆ. ಊರು ಕೇಳಿದ್ದಾಯಿತು, ಮನೆಯವರನ್ನು ವಿಚಾರಿಸಿದ್ದಾಯಿತು, ಆರಾಮ ಹೇಳಿದ್ದಾಯಿತು. ಹೋಗುವ ಹೊತ್ತು ಇನ್ನೂ ಬಂದಿಲ್ಲ. ಅವರು ಎದ್ದು ಹೋಗಲಾರರು. ಹಾಗಾದರೆ ನಾನೇ ಹೋಗಬೇಕು.

"ಬರ್ತೀನ್ರಿ ಕಾಕಾ ಇನ್ನ" ಎಂದೆ. ನಿಧಾನವಾಗಿ ಬಾಗಿಲಿಗೆ ಹೋದೆ. ಹೊಸ್ತಿಲ ಮೇಲೆ ನಿಂತು, ಅವ್ವ ಕೊಡುತ್ತಿದ್ದ ಹಾಗೆ ಚೌಕಟ್ಟಿಗೆ ಕೈ ಕೊಟ್ಟು, ಸುಮ್ಮನೆ ಹಿಂತಿರುಗಿ ನೋಡಿದೆ. ನನಗೆ ಪೂರಾ ನಂಬಿಕೆಯೇನೂ ಇರಲಿಲ್ಲ. ಪರೀಕ್ಷೆ ಮಾಡಿ ನೋಡೋಣ ಎಂದಷ್ಟೇ.

"ಯವ್ವಾ" ಎಂದರು ಕಾಕಾ. "ಒಂದ ಮಾತ ಐತಿ. ಡಾಕ್ಟರ್‌ಗೆ ಹೇಳಬ್ಯಾಡ ಮತ್ತ."

"ಹೇಳ್ರಿ."

"ಕಾಲಾಗ ಭಾಳ ತ್ರಾಸ ಆಗಾಕತ್ತೈತಿ. ಒಳಗ ಹಗ್ಗ ಹಾಕಿ ಹುರಿ ತಿರುವಿದಂಗ. ಎಲುಬ ಕೂಡಾಕತ್ತೈತಿ ಅಂತ ತಡಕೊಂಡೀನಿ."

ಅವರ ಊರಲ್ಲಿ ಎಲುಬು ಕೂಡಿಸುವವರೊಬ್ಬರಿದ್ದರು. ಉದ್ದಿನ ಹಿಟ್ಟು, ತತ್ತಿ ಕಲಸಿ ಹಚ್ಚಿ, ಬಿದಿರಿನ ಸೀಳು ಇಟ್ಟು, ತಮ್ಮ ಕಾಲು ಒತ್ತುಕೊಟ್ಟು ಜಗ್ಗಿ ಬಿಗಿಯುತ್ತಿದ್ದರಂತೆ. ಎಷ್ಟು ಬಿಗಿಯೋ ಅಷ್ಟು ಛಲೋ, ಎಷ್ಟು ನೋವೋ ಅಷ್ಟು ಬೇಗ ಕೂಡುತ್ತದೆ ಎಂಬುದು ಊರಿನ ಮಾತು. ಕಾಕಾನ ಅಣ್ಣನ ಕೈ ಹಾಗೆಯೇ ಕೂಡಿತ್ತು. ಸರಿ, ಆದರೆ ಡಾಕ್ಟರಿಗೆ ಯಾಕೆ ಹೇಳಬಾರದು ಎಂದು ಕೇಳಿದೆ. ಕಾಕಾ ದನಿ ತಗ್ಗಿಸಿದರು.

"ಪಾಪ, ಸಣ್ಣ ಹುಡುಗ. ಕೈಯಾರೆ ಕಟ್ಟ್ಯಾನ. ನೋವ ಅಂದ್ರ ಅಂವಗ ಕೈಗುಣ ಇಲ್ಲ ಅಂದಂಗ ಆಗ್ತೈತಿ."

ಕಟ್ಟಿದವರ ಕೈಯ ಮರ್ಯಾದೆ ಉಳಿಸಲಿಕ್ಕೆ ಒಬ್ಬ ಮನುಷ್ಯ ತನ್ನ ಕಾಲನ್ನು ಪಣಕ್ಕಿಟ್ಟು ಮಲಗಿದ್ದ.

ನಾನು ಮತ್ತೆ ಒಳಗೆ ಬಂದೆ. ಬೆರಳುಗಳು ಬೆಚ್ಚಗಿದ್ದವು, ಬಣ್ಣ ಸರಿಯಿತ್ತು, ಪಾದದ ಮೇಲಿನ ನಾಡಿ ಕೈಗೆ ಸಿಕ್ಕಿತು. ಹೆಬ್ಬೆರಳು ಆಡಿಸಿ ಎಂದೆ, ಸ್ವಲ್ಪ ಆಡಿತು. ಆಮೇಲೆ ನಾನೇ ಅದನ್ನು ಮೆಲ್ಲಗೆ ಮೇಲಕ್ಕೆ ಎತ್ತಿದೆ. ಕಾಕಾ ಕೂಗಲಿಲ್ಲ, ಉಸಿರು ಒಳಗೆ ಎಳೆದುಕೊಂಡರು, ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹತ್ತಿ ಆಡಿಸಿದರೆ ಇರುವೆ ಹರಿದಂತೆ ಆಗುತ್ತದೆ ಎಂದರು. ಬ್ಯಾಂಡೇಜಿನ ಸಂದಿಯಲ್ಲಿ ಬೆರಳು ತೂರಿಸಿ ಮುಟ್ಟಿದರೆ ಮಾಂಸ ಹಲಗೆಯಂತೆ ಗಟ್ಟಿ.

ಸಿಸ್ಟರ್ ಹತ್ತಿರ ಓಡಿದೆ. ಅವರು ಎರಡೇ ಪ್ರಶ್ನೆ ಕೇಳಿದರು: ಇಂಜೆಕ್ಷನ್ ಕೊಟ್ಟ ಮೇಲೂ ನೋವು ಇಳಿಯಲಿಲ್ಲವೇ? ಬೆರಳು ಎತ್ತಿದರೆ ಹೆಚ್ಚಾಯಿತೇ? ಎರಡಕ್ಕೂ ಹೌದು ಎಂದೆ. ಡ್ಯೂಟಿ ಡಾಕ್ಟರಿಗೆ ಅವರೇ ಫೋನು ಹಚ್ಚಿದರು. ಕಾಕಾನ ಕಾಲಿನ ಕೆಳಗೆ ಎತ್ತರಕ್ಕೆ ಪೇರಿಸಿದ್ದ ದಿಂಬುಗಳನ್ನು ತೆಗೆದು ಕಾಲನ್ನು ಎದೆಯ ಮಟ್ಟಕ್ಕೆ ಇಡು, ಬಾಯಿಗೆ ಏನೂ ಕೊಡಬೇಡ ಎಂದು ನನ್ನನ್ನು ವಾಪಸು ಕಳಿಸಿದರು.

ಡಾಕ್ಟರ್ ಬಂದರು. ತೆಲುಗಿನವರು, ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಕಣ್ಣಲ್ಲಿ ನಿದ್ದೆ. ಅವರು ಹಿಂದಿಯಲ್ಲಿ ನೋವಿದೆಯೇ ಎಂದು ಕೇಳಿದರು, ಕಾಕಾ ಹಿಂದಿಯಲ್ಲಿ ಆರಾಮ್ ಹೈ ಸಾಬ್ ಎಂದರು. ಡಾಕ್ಟರ್ ಪಾದದ ನಾಡಿ ಹಿಡಿದು, ಚೆನ್ನಾಗಿದೆಯಲ್ಲ, ಬೆರಳೂ ಬೆಚ್ಚಗಿವೆ, ಹೊಸ ಮುರಿತ, ನೋವು ಇದ್ದೇ ಇರುತ್ತದೆ ಎಂದರು. ನನ್ನ ಬಾಯಿ ತುರಿಸಿತು. ಸಿಸ್ಟರ್ ನನ್ನ ಕಡೆ ನೋಡಿ, ಮೊದಲು ಅವರ ಪಕ್ಷ ಹೇಳು, ಆಮೇಲೆ ನಿನ್ನದು ಎಂದರು.

ಹೇಳಿದೆ. ಇದು ಬರೀ ಮುರಿತದ ನೋವಾಗಿದ್ದರೆ ಎಲುಬು ನೇರ ಮಾಡಿ ಕಟ್ಟಿದ ಮೇಲೆ ಇಳಿಮುಖವಾಗಬೇಕಿತ್ತು, ಇಂಜೆಕ್ಷನ್ನಿಗೆ ಬಗ್ಗಬೇಕಿತ್ತು; ಆದರೆ ಏರುತ್ತಿದೆ, ಬಗ್ಗುತ್ತಿಲ್ಲ. ಬೆಚ್ಚಗಿನ ಬೆರಳು, ಸಿಗುವ ನಾಡಿ ಎರಡೂ ಪಕ್ಷಕ್ಕೆ ಹೊಂದುತ್ತವೆ, ಆದ್ದರಿಂದ ತೀರ್ಪಿಗೆ ಬರುವುದಿಲ್ಲ. ಕಾಲಿನ ಸ್ನಾಯುಗಳು ಹಿಗ್ಗದ ಪೊರೆಯೊಳಗೆ ಇರುತ್ತವೆ. ಒಳಗೆ ರಕ್ತ, ಬಾವು ತುಂಬಿ ಒತ್ತಡ ಏರಿದರೆ ಮೊದಲು ಹಿಸುಕಿಹೋಗುವುದು ಸಣ್ಣ ನಾಳಗಳು, ದೊಡ್ಡ ನಾಡಿ ಬಡಿಯುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಕಾದರೆ ಒಳಗಿನ ಮಾಂಸ ಸತ್ತಿರುತ್ತದೆ, ಕಾಲು ಉಳಿಯುವುದಿಲ್ಲ. ತೀರ್ಪು ಕೊಡುವುದು ಹೆಬ್ಬೆರಳು. ನೀವೇ ಎತ್ತಿ, ಅವರ ಬಾಯಿ ಕೇಳಬೇಡಿ, ಮುಖ ನೋಡಿ. ಆರಾಮ ಎನ್ನುತ್ತಿರುವುದು ನಿಮ್ಮ ಮೇಲಿನ ಗೌರವಕ್ಕೆ.

ಡಾಕ್ಟರ್ ಹೆಬ್ಬೆರಳು ಎತ್ತಿದರು. ಮುಖ ನೋಡಿದರು. ಒಂದು ಕ್ಷಣ ಅವರಿಗೆ ಬೇರೆ ದಾರಿಯೂ ಇತ್ತು, ನನ್ನ ಮೇಲೆ ರೇಗಬಹುದಿತ್ತು. ರೇಗಲಿಲ್ಲ. ಕತ್ತರಿ ಕೊಡಿ ಎಂದರು. ತಾವೇ ಕಟ್ಟಿದ್ದ ಬ್ಯಾಂಡೇಜನ್ನು ಮೇಲಿಂದ ಕೆಳಗಿನವರೆಗೆ, ಒಳಗಿನ ಹತ್ತಿಯೂ ಬಿಡದೆ, ಚರ್ಮ ಕಾಣುವವರೆಗೆ ಸೀಳಿ ಬಿಡಿಸಿದರು. ಕಾಲು ಮಿರಿಮಿರಿ ಹೊಳೆಯುತ್ತಿತ್ತು. ಬಿಡಿಸಿದ ಮೇಲೂ ಗಟ್ಟಿತನ ಇಳಿಯದ್ದು ಕಂಡು ಸರ್ಜನ್ನರಿಗೆ ಹೇಳಿಕಳಿಸಿದರು. ಕಾಕಾನಿಗೆ ಇದ್ಯಾವುದೂ ಸರಿಬರಲಿಲ್ಲ. ಕೂಡುವ ಎಲುಬನ್ನು ಬಿಚ್ಚಿಬಿಟ್ಟರಲ್ಲ ಎಂದು ನನ್ನ ಕಡೆ ನೋಡಿ, "ಹೇಳಬ್ಯಾಡ ಅಂದಿದ್ನೆಲ್ಲ ತಂಗಿ" ಎಂದರು.

"ನಾನು ಸುಮ್ಮನಿರಾಕಿ ಅಲ್ರಿ ಕಾಕಾ" ಎಂದೆ. "ನಮ್ಮ ಮನ್ಯಾಗ ಕೇಳ್ರಿ ಬೇಕಾರ."

ನೋವಿನಲ್ಲೂ ಅವರಿಗೆ ನಗು ಬಂತು. ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ: ಒಳಗಿನ ಮಾಂಸಕ್ಕೆ ಉಸಿರು ಕಟ್ಟಿದೆ, ಚರ್ಮ ಪೊರೆ ಸೀಳಿ ದಾರಿ ಕೊಡಬೇಕು, ತಡವಾದರೆ ಕಾಲೇ ಹೋಗುತ್ತದೆ. ಕಾಕಿ ಗೋಡೆ ಹಿಡಿದು ಎದ್ದು ಬಂದು ಗಂಡನ ತಲೆಯ ಮೇಲೆ ಕೈಯಿಟ್ಟು, ಹ್ಞೂಂ ಅನ್ನು ಎಂದರು. ಕಾಕಾ ಹ್ಞೂಂ ಎಂದರು. ಮಧ್ಯಾಹ್ನದ ಊಟದ ಗಾಡಿ ವಾರ್ಡಿಗೆ ಬರುವ ಮೊದಲೇ ಅವರನ್ನು ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು.

ಮಾಂಸ ಕೆಂಪಗೇ ಇತ್ತು ಎಂದು ಡಾಕ್ಟರ್ ತಾವಾಗಿ ಬಂದು ಹೇಳಿದರು. ಕೆಂಪು ಎಂದರೆ ಜೀವ ಇದೆ ಎಂದು. ಸಿಸ್ಟರ್ ತಲೆಯಾಡಿಸಿ, ಬೆಳಗಿನಿಂದ ಏನೂ ತಿಂದಿಲ್ಲ ನೀನು ಎಂದು ತಮ್ಮ ಡಬ್ಬಿಯ ಪುಳಿಹೋರೆ ಅರ್ಧ ನನ್ನ ಮುಂದೆ ತಳ್ಳಿದರು. ಇವತ್ತಿಗೂ ಹುಣಸೆ, ಇಂಗಿನ ಆ ವಾಸನೆ ಬಂದರೆ ನನಗೆ ಅವರ ಮುಂದೆ ಎದ್ದು ನಿಲ್ಲಬೇಕೆನಿಸುತ್ತದೆ. ನನ್ನ ಸಂದೇಹಕ್ಕೆ ಹಲ್ಲು ಮೊದಲೇ ಇತ್ತು; ಅದಕ್ಕೆ ಕಣ್ಣು ಕೊಟ್ಟವರು ಅವರು.

ಮುಂದೆ ಕಾಕಾ ಬಹಳ ದಿನ ನಮ್ಮಲ್ಲೇ ಇದ್ದರು. ಎಲುಬಿಗೆ ಹೊರಗಿನಿಂದ ಸರಳು ಕಟ್ಟಿದ್ದರು. ಜೀವಮಾನವೆಲ್ಲ ನಾನು ಕಬ್ಬಿಣ ಕಟ್ಟಿದೆ, ಈಗ ಕಬ್ಬಿಣ ನನ್ನನ್ನು ಕಟ್ಟಿದೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ತೊಡೆಯ ಚರ್ಮ ತೆಗೆದು ಗಾಯಕ್ಕೆ ಹಚ್ಚಿದರು, ಅದು ಹಿಡಿಯಿತು. ಡಾಕ್ಟರ್ ನನ್ನಿಂದ ಒಂದೇ ಒಂದು ಕನ್ನಡದ ಮಾತು ಕಲಿತರು. ರೌಂಡ್ಸ್ ಮುಗಿಸಿ "ಬರ್ತೀನ್ರಿ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಉತ್ತರ ಬಂದರೆ ಅರ್ಥ ಮಾಡಿಕೊಳ್ಳಲು ನನ್ನ ಮುಖ ನೋಡುತ್ತಿದ್ದರು. ವಾರ್ಡಿನ ಯಾದಗಿರಿಯವರೆಲ್ಲ ಅವರನ್ನು ಮನೆಯ ಅಳಿಯನಂತೆ ಗೋಳುಹೊಯ್ದುಕೊಂಡರು. ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅವ್ವ ಗೆದ್ದವರ ಮುಖ ಮಾಡಲಿಲ್ಲ, ಕಾಲು ಉಳಿಯಿತಲ್ಲ ಎಂದಷ್ಟೇ ಅಂದಳು. ಅವಳು ಜಂಬ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ವಾದ ಹೂಡಬಹುದಿತ್ತು.

ಡಿಸ್ಚಾರ್ಜಿನ ದಿನ ಕಾಕಾ ಕಂಕುಳಲ್ಲಿ ಕೋಲು ಇಟ್ಟುಕೊಂಡು ಎದ್ದರು. ಸಿಸ್ಟರಿಗೆ, ಡಾಕ್ಟರಿಗೆ ಕೈ ಮುಗಿದರು. ಡಾಕ್ಟರಿಗೆ, ನಿಮ್ಮದು ಕೈಗುಣ ಭಾಳ ಛಲೋ ಎಂದು ಹೇಳು ಎಂದು ನನ್ನ ಕೈಲಿ ತೆಲುಗಿಗೆ ಮಾಡಿಸಿದರು. ನಾನು ಒಂದಕ್ಷರ ಬಿಡದೆ ಹೇಳಿದೆ. ಡಾಕ್ಟರ್ ತಲೆ ತಗ್ಗಿಸಿ ತಮ್ಮ ಕೈಗಳನ್ನು ನೋಡಿಕೊಂಡರು. ಕಾಕಾ, ಕಾಕಿ ಬಾಗಿಲಿಗೆ ಬಂದರು. ಹೊರಗೆ ಚಪ್ಪಲಿಗಳ ಸಾಲಿನಲ್ಲಿ ಕಾಕಿ ಗಂಡನ ಚಪ್ಪಲಿ ಹುಡುಕಿ ಒಳ್ಳೆಯ ಕಾಲಿಗೆ ತೊಡಿಸಿದರು. ಬಗ್ಗಿ ಎದ್ದವರು ಗೋಡೆಗೆ ಕೈ ಕೊಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತರು. ನಾನು ಚೌಕಟ್ಟಿನಲ್ಲಿ ನಿಂತಿದ್ದೆ. ಕಾಕಾ ಕೋಲು ಊರಿದರು, ಒಂದು ಹೆಜ್ಜೆ ಇಟ್ಟರು, ತಿರುಗಿದರು.

"ಯವ್ವಾ, ಒಂದ ಮಾತ. ಇಕೀಗೆ ಮೆಟ್ಟಲಾ ಹತ್ತಾಕ ಆಗವಲ್ದು. ನಾಕ ಮೆಟ್ಟಲಕ್ಕ ತೇಕ ಬರ್ತೈತಿ. ಕಣ್ಣಿಗೆ ಕತ್ತಲಿ ಕಟ್ಟತೈತಿ ಅಂತಾಳ."

"ಏನಿಲ್ಲ ತಗೋರಿ, ಆರಾಮ ಅದೀನಿ" ಎಂದರು ಕಾಕಿ, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು.

ಹಸಿ ಅಕ್ಕಿ. ಗೋಡೆ ಹಿಡಿದು ಏಳುವುದು. ನಾನು ಹತ್ತಿರ ಹೋಗಿ ಅವರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ನೋಡಿದೆ. ಕೆಂಪಿರಬೇಕಾದಲ್ಲಿ ಕಾಗದದ ಬಣ್ಣ. ಮೈಯಲ್ಲಿ ರಕ್ತವೇ ಇಲ್ಲ, ಹಸಿ ಅಕ್ಕಿಯ ಚಟವೂ ಅದರದ್ದೇ; ಹಾಗಿದ್ದವರು ಇಷ್ಟು ದಿನ ನೆಲದ ಮೇಲೆ ಕೂತು ಗಂಡನ ಕಾಲು ಕಾದಿದ್ದರು. ರಕ್ತ ಪರೀಕ್ಷೆ, ಮಾತ್ರೆ, ರಕ್ತ ಎಲ್ಲಿ ಸೋರಿಹೋಗುತ್ತಿದೆ ಎಂಬ ವಿಚಾರಣೆ ಎಲ್ಲ ಆಗಬೇಕಿತ್ತು. ಅದಕ್ಕೆ ಮೊದಲು ಆಗಬೇಕಾದ ಕೆಲಸ ನನಗೆ ಮನೆಯಿಂದಲೇ ಗೊತ್ತಿತ್ತು.

ಇಬ್ಬರ ಚಪ್ಪಲಿಯನ್ನೂ ಬಿಡಿಸಿದೆ. ಒಳಗೆ ಕರೆದು ಕೂರಿಸಿ, ಕ್ಯಾಂಟೀನಿಗೆ ಚಹಾ ಹೇಳಿದೆ.